ಹಿಂದಿನ ಸೀಟಿನ ಕೆಳಗಿನ ಪಂಪು: ನನ್ನ ಆಕ್ಟೇವಿಯಾ ಆರ್‌ಎಸ್ ಕಾರಿನ ಪೆಟ್ರೋಲ್ ಹರಿವನ್ನು ಸರಿಪಡಿಸಿದ ಬಗೆ

ಕಳೆದ ವರ್ಷ ಫೆಬ್ರುವರಿಯ ಒಂದು ಭಾನುವಾರ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂಬ ರೇಸ್ ಟ್ರ್ಯಾಕ್‌ನ ಪಿಟ್‌ನಲ್ಲಿ ಕುಳಿತು, ಆ ಬೆಳಗಿನ ಸುತ್ತುಗಳಲ್ಲಿ ಎಂಜಿನ್ನಿನ ಅಳತೆಗಳು ದಾಖಲಾದ ಲಾಗ್ ಅನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡುತ್ತಿದ್ದಾಗ ಒಂದು ಗೆರೆ ನನ್ನನ್ನು ಹೆದರಿಸಿತು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ 0.80ರ ಹತ್ತಿರ ನಿಲ್ಲಬೇಕಾಗಿದ್ದ ಲ್ಯಾಂಬ್ಡಾ, ನಾಲ್ಕನೆಯ ಗೇರಿನಲ್ಲಿ ಎಂಜಿನ್ 5,500 ಆರ್‌ಪಿಎಂ ದಾಟಿದ ಕೂಡಲೇ ಮೆಲ್ಲಗೆ ಮೇಲೇರುತ್ತಾ 0.89ಕ್ಕೆ ಬಂದಿತ್ತು. ಲ್ಯಾಂಬ್ಡಾ ಎಂಬುದು ಗಾಳಿ ಮತ್ತು ಪೆಟ್ರೋಲ್ ಮಿಶ್ರಣದ ಅಳತೆ. ಅದು 1 ಎಂದರೆ ಒಳಗೆ ಬಂದ ಗಾಳಿಯನ್ನು ಪೂರ್ತಿ ಬಳಸಿ ಸುಡಲು ಬೇಕಾದಷ್ಟೇ ಪೆಟ್ರೋಲ್ ಇದೆ ಎಂದರ್ಥ, 1ಕ್ಕಿಂತ ಕಡಿಮೆಯಾದಷ್ಟೂ ಪೆಟ್ರೋಲ್ ಹೆಚ್ಚು. ಟರ್ಬೊ ಎಂಜಿನ್ ಹೆಚ್ಚು ಬೂಸ್ಟ್‌ನಲ್ಲಿ (ಟರ್ಬೊ ಗಾಳಿಯನ್ನು ಒತ್ತಿ ತುಂಬುವ ಒತ್ತಡ) ದುಡಿಯುವಾಗ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲನ್ನು ಬೇಕೆಂದೇ ಕೊಡುತ್ತೇವೆ. ಆ ಹೆಚ್ಚುವರಿ ಪೆಟ್ರೋಲ್ ಆವಿಯಾಗುವಾಗ ಸಿಲಿಂಡರಿನ ಶಾಖವನ್ನು ಹೀರಿಕೊಳ್ಳುತ್ತದೆ. ಅದು ಕಡಿಮೆಯಾದರೆ ಮಿಶ್ರಣವು ಸ್ಪಾರ್ಕ್ ಪ್ಲಗ್‌ನ ಅಂಕೆ ಮೀರಿ ತಾನಾಗಿಯೇ ಸಿಡಿಯತೊಡಗುತ್ತದೆ, ಪಿಸ್ಟನ್ನಿನ ಅಂಚು ಒಡೆಯುತ್ತದೆ, ಇಲ್ಲವೇ ಅದರ ತಲೆ ಕರಗುತ್ತದೆ. ಇದರಲ್ಲಿ ನಿಜವಾಗಿ ಭಯಪಡಬೇಕಾದ ಸಂಗತಿಯೆಂದರೆ, ಪೆಟ್ರೋಲ್ ಸ್ವಲ್ಪ ಕಡಿಮೆಯಾದ ಆ ಕ್ಷಣದಲ್ಲಿ ಕಾರು ಇನ್ನಷ್ಟು ಚುರುಕಾಗಿದೆ ಎಂದೇ ಚಾಲಕನಿಗೆ ಅನ್ನಿಸಬಹುದು. ನನಗೂ ಆ ಬೆಳಿಗ್ಗೆ ಹಾಗೆಯೇ ಅನ್ನಿಸಿತ್ತು.

ಅದೇ ಲಾಗಿನಲ್ಲಿ ಇನ್ನೊಂದು ಗೆರೆಯೂ ಇತ್ತು. ಇಂಜೆಕ್ಟರುಗಳಿಗೆ ಪೆಟ್ರೋಲ್ ಒದಗಿಸುವ ರೈಲಿನ ಒತ್ತಡ 4.1 ಬಾರ್ ಇರಬೇಕಾದ ಕಡೆ 3.5 ಬಾರ್‌ಗೆ ಇಳಿದಿತ್ತು. ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ, ಒತ್ತಡ ಎಲ್ಲಿ ಕುಸಿಯಲು ಆರಂಭಿಸುತ್ತದೆಯೋ ಅಲ್ಲಿಯೇ ಲ್ಯಾಂಬ್ಡಾ ಏರಲು ಆರಂಭಿಸುತ್ತಿತ್ತು. ಕಾರನ್ನು ಮತ್ತೆ ಟ್ರ್ಯಾಕಿಗೆ ಇಳಿಸದೆ, ಬೂಸ್ಟ್ ಅನ್ನು ಕನಿಷ್ಠ ಮಟ್ಟಕ್ಕೆ ತಂದು, ಸಂಜೆ ಬೆಂಗಳೂರಿಗೆ ನಿಧಾನವಾಗಿ ಓಡಿಸಿಕೊಂಡು ಬಂದೆ.

ಕಾರಿನ ಬಗ್ಗೆ ಇಷ್ಟು ಹೇಳಬೇಕು. ಇದು 2004ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ನಮ್ಮಲ್ಲಿ ಮಾರಾಟವಾದ ಮೊದಮೊದಲ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಒಂದು. 1,781 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಸಿಲಿಂಡರಿಗೆ ಐದರಂತೆ 20 ವಾಲ್ವುಗಳು, ಕಂಪನಿ ಕೊಟ್ಟಾಗ 150 ಅಶ್ವಶಕ್ತಿ. ನಾನು ಇದನ್ನು ಎರಡನೆಯ ಮಾಲೀಕನಾಗಿ ಕೊಂಡು, ದೊಡ್ಡ ಟರ್ಬೊ, ದೊಡ್ಡ ಇಂಟರ್‌ಕೂಲರ್, ದೊಡ್ಡ ಇಂಜೆಕ್ಟರುಗಳು ಮತ್ತು ಅದಕ್ಕೆ ತಕ್ಕ ಇಸಿಯು ಮ್ಯಾಪ್ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸೆಟ್ಟಿಂಗುಗಳು) ಹಾಕಿಸಿ 230 ಅಶ್ವಶಕ್ತಿಯ ಹತ್ತಿರಕ್ಕೆ ತಂದಿದ್ದೇನೆ. ವಾಹನದ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಬದಲಾವಣೆಗಳ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಮತ್ತು 2019ರ ಸುಪ್ರೀಂ ಕೋರ್ಟಿನ ತೀರ್ಪು ಏನು ಹೇಳುತ್ತವೆ ಎಂಬುದನ್ನು ಇಂಥ ಕೆಲಸಕ್ಕೆ ಕೈಹಾಕುವ ಪ್ರತಿಯೊಬ್ಬರೂ ಮೊದಲೇ ಓದಿಕೊಳ್ಳಬೇಕು. ನಾನು ಇಲ್ಲಿ ಬರೆಯುತ್ತಿರುವುದು ಟ್ರ್ಯಾಕಿನಲ್ಲಿ ಓಡುವ ಕಾರಿನ ವಿಷಯ.

ಇಷ್ಟೆಲ್ಲ ಬದಲಾಯಿಸಿದ ಮೇಲೂ ಟ್ಯಾಂಕಿನೊಳಗೆ ಇದ್ದದ್ದು ಕಂಪನಿ ಕೊಟ್ಟ ಹಳೆಯ ಪಂಪು. ಹೊಸ ಟರ್ಬೊವನ್ನು ಬಾನೆಟ್ ತೆರೆದು ಸ್ನೇಹಿತರಿಗೆ ತೋರಿಸಬಹುದು. ಹಿಂದಿನ ಸೀಟಿನ ಕೆಳಗೆ ಪೆಟ್ರೋಲಿನಲ್ಲಿ ಮುಳುಗಿ ಕುಳಿತಿರುವ ಪಂಪು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಒಂದು ಅಶ್ವಶಕ್ತಿಯನ್ನೂ ತಾನಾಗಿ ಕೂಡಿಸುವುದಿಲ್ಲ. ಆದರೆ ಉಳಿದ ಭಾಗಗಳೆಲ್ಲ ಕೂಡಿಸಿದ ಶಕ್ತಿಯನ್ನು ಎಂಜಿನ್ ಬದುಕಿಕೊಂಡು ಹೊರಬೇಕಾದರೆ ಆ ಪಂಪು ಕೇಳಿದಷ್ಟು ಪೆಟ್ರೋಲನ್ನು ಕೇಳಿದ ಒತ್ತಡದಲ್ಲಿ ಕೊಡಲೇಬೇಕು.

ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಓಡಿಸಿದಾಗ ಕಾಣದ ತೊಂದರೆ ಚೆನ್ನೈ ಬಳಿ ಏಕೆ ಕಂಡಿತು ಎಂಬ ಪ್ರಶ್ನೆ ನನ್ನನ್ನು ಒಂದು ವಾರ ಕಾಡಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾತಾವರಣದ ಒತ್ತಡ ಸುಮಾರು 0.91 ಬಾರ್, ಚೆನ್ನೈಯಲ್ಲಿ ಸುಮಾರು 1.01 ಬಾರ್. ನನ್ನ ಕಾರಿನ ಬೂಸ್ಟ್ ಕಂಟ್ರೋಲರ್ ಹೊರಗಿನ ಗಾಳಿಗಿಂತ 1.1 ಬಾರ್ ಹೆಚ್ಚು ಎಂಬ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಹೀಗಾಗಿ ಎಂಜಿನ್ನಿನೊಳಗೆ ಹೋಗುವ ಗಾಳಿಯ ನಿಜವಾದ ಒತ್ತಡ ಬೆಂಗಳೂರಿನಲ್ಲಿ 2.01 ಬಾರ್ ಇದ್ದರೆ, ಕೋಲಾರ, ಮುಳಬಾಗಿಲು ದಾಟಿ ಘಟ್ಟ ಇಳಿದು ಬಯಲಿಗೆ ಬರುವಷ್ಟರಲ್ಲಿ 2.11 ಬಾರ್ ಆಗಿರುತ್ತದೆ. ಐದು ಪ್ರತಿಶತ ಹೆಚ್ಚು ಗಾಳಿ ಎಂದರೆ ಐದು ಪ್ರತಿಶತ ಹೆಚ್ಚು ಪೆಟ್ರೋಲ್ ಬೇಕು. ಕೆಳನಾಡಿನ ಸೆಕೆ ಇದರಲ್ಲಿ ಒಂದಷ್ಟನ್ನು ಕಳೆಯುತ್ತದೆ, ನಿಜ. ಆದರೆ ಅದೇ ಸೆಕೆ ಟ್ಯಾಂಕಿನಲ್ಲಿರುವ ಪೆಟ್ರೋಲನ್ನೂ ಕಾಯಿಸುತ್ತದೆ, ಕಾದ ಪೆಟ್ರೋಲ್ ಪಂಪಿನ ಬಾಯಿಯಲ್ಲಿ ಗುಳ್ಳೆಗಳಾಗಿ ಒಡೆದು ಹರಿವನ್ನು ತಗ್ಗಿಸುತ್ತದೆ. ನಮ್ಮ ರಸ್ತೆಯಲ್ಲಿ ಎರಡು ಮೂರು ಸೆಕೆಂಡು ಮಾತ್ರ ಸಿಗುವ ಪೂರ್ತಿ ವೇಗೋತ್ಕರ್ಷ, 3.7 ಕಿಲೋಮೀಟರಿನ ಆ ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಮರುಕಳಿಸುತ್ತದೆ. ಅಂಚಿನಲ್ಲಿದ್ದ ಪಂಪು ಅಲ್ಲಿ ಅಂಚು ದಾಟಿತು.

ನನಗೆ ಆ ವಾರವೇ ಹೊಸ ಪಂಪು ತರಿಸಿ ಹಾಕಿಬಿಡುವ ಆತುರವಿತ್ತು. ತಡೆದದ್ದು ನಮ್ಮ ಮೆಕ್ಯಾನಿಕ್. ಯಶವಂತಪುರದ ಕಡೆ ಸಣ್ಣ ಗ್ಯಾರೇಜ್ ಇಟ್ಟುಕೊಂಡಿರುವ ಅವರು ನನಗಿಂತ ಹಿರಿಯರು, ನಾನು ಅಣ್ಣ ಎಂದೇ ಕರೆಯುತ್ತೇನೆ. "ಪಂಪ್ ಆಮೇಲೆ ನೋಡೋಣ ಸರ್, ಮೊದಲು ಅದಕ್ಕೆ ಕರೆಂಟ್ ಎಷ್ಟು ಹೋಗ್ತಿದೆ ನೋಡಿ" ಎಂದರು. ಈ ಬರಹದಲ್ಲಿ ನಾನು ಬೇರೆಯವರಿಗೆ ದಾಟಿಸಬೇಕೆಂದಿರುವ ಮುಖ್ಯ ಮಾತೂ ಅದೇ.

ಅಳತೆಯನ್ನು ಕ್ರಮವಾಗಿ ಮಾಡಿದೆವು. ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ನಿಲ್ಲಿಸಿ, ನಾಲ್ಕನೆಯ ಗೇರಿನಲ್ಲಿ ಎಂಜಿನ್ನನ್ನು ಪೂರ್ತಿ ಹೊರೆಯಲ್ಲಿ ಹಿಡಿದಾಗ ರೈಲಿನ ಒತ್ತಡ 3.7 ಬಾರ್‌ಗೆ ಇಳಿಯುತ್ತಿತ್ತು. ಬಲ ಹಿಂಚಕ್ರದ ಮುಂದೆ, ಕಾರಿನ ಅಡಿಯಲ್ಲಿರುವ ಪೆಟ್ರೋಲ್ ಫಿಲ್ಟರನ್ನು ಬದಲಾಯಿಸಿದೆವು, ಏನೂ ವ್ಯತ್ಯಾಸವಾಗಲಿಲ್ಲ. ಬಳಿಕ ಪಂಪಿನ ಕನೆಕ್ಟರಿನ ಹಿಂಬದಿಯಿಂದ ಮಲ್ಟಿಮೀಟರಿನ ಮೊನೆಗಳನ್ನು ತೂರಿಸಿ ಅದೇ ಹೊರೆಯಲ್ಲಿ ನೋಡಿದಾಗ, ಬ್ಯಾಟರಿಯ ಬಳಿ 13.8 ವೋಲ್ಟ್ ಇದ್ದರೂ ಪಂಪಿಗೆ ತಲುಪುತ್ತಿದ್ದದ್ದು 11.4 ವೋಲ್ಟ್ ಮಾತ್ರ. ಇಪ್ಪತ್ತು ವರ್ಷ ಹಳೆಯ ತೆಳು ತಂತಿ, ಬಿಸಿಯುಂಡು ಕಪ್ಪಾದ ಕನೆಕ್ಟರ್, ಕಾರಿನ ದೇಹಕ್ಕೆ ಕಟ್ಟಿದ ಅರ್ತ್‌ನ ತುಕ್ಕು, ಇವು ಮೂರೂ ಸೇರಿ ಎರಡು ವೋಲ್ಟಿಗಿಂತ ಹೆಚ್ಚನ್ನು ನುಂಗುತ್ತಿದ್ದವು. ಪಂಪಿನೊಳಗಿರುವುದು ಸಾಮಾನ್ಯ ಡಿಸಿ ಮೋಟಾರು. ವೋಲ್ಟೇಜ್ ಇಳಿದರೆ ಅದರ ವೇಗ ಇಳಿಯುತ್ತದೆ, ಹರಿವು ಅದಕ್ಕಿಂತಲೂ ಬೇಗ ಇಳಿಯುತ್ತದೆ. ಇದೇ ತಂತಿಯ ತುದಿಗೆ ಎಷ್ಟು ದೊಡ್ಡ ಪಂಪು ಕಟ್ಟಿದರೂ ಅದು ಇನ್ನೂ ಹೆಚ್ಚು ಆಂಪಿಯರ್ ಎಳೆದು, ವೋಲ್ಟೇಜನ್ನು ಇನ್ನೂ ಕೆಳಗೆ ತಂದು, ಕೊನೆಗೆ ಆ ಕನೆಕ್ಟರನ್ನು ಕರಗಿಸುತ್ತಿತ್ತು.

ಆದ್ದರಿಂದ ಮೊದಲು ತಂತಿಯ ಕೆಲಸ. ಎಸ್‌.ಪಿ. ರಸ್ತೆಯಿಂದ 4 ಚದರ ಮಿಲಿಮೀಟರಿನ ತಾಮ್ರದ ತಂತಿ, 40 ಆಂಪಿಯರಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್), 20 ಆಂಪಿಯರಿನ ಫ್ಯೂಸ್ ಮತ್ತು ಅದರ ಹೋಲ್ಡರ್ ತಂದೆವು. ಬ್ಯಾಟರಿಯಿಂದ ನೇರವಾಗಿ ಹೊರಟ ತಂತಿಗೆ ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸ್ ಹಾಕಿ, ಅದನ್ನು ಕಾರಿನೊಳಗಿನಿಂದ ಹಿಂದಕ್ಕೆ ಒಯ್ದು, ರಿಲೇ ಮೂಲಕ ಪಂಪಿಗೆ ಕೊಟ್ಟೆವು. ಪಂಪಿಗೆ ಮೊದಲಿನಿಂದ ಬರುತ್ತಿದ್ದ ಹಳೆಯ ತಂತಿ ಈಗ ರಿಲೇಯನ್ನು ಎಬ್ಬಿಸುವ ಸಣ್ಣ ಕೆಲಸವನ್ನಷ್ಟೇ ಮಾಡುತ್ತದೆ. ಹೀಗೆ ಮಾಡುವುದರಿಂದ ಕಾರಿನ ಮೂಲ ಸುರಕ್ಷತೆ ಹಾಗೆಯೇ ಉಳಿಯುತ್ತದೆ: ಎಂಜಿನ್ ನಿಂತರೆ ಇಸಿಯು ಪಂಪನ್ನೂ ನಿಲ್ಲಿಸುತ್ತದೆ. ಕೆಲವರು ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್ ಇಟ್ಟು ಪಂಪನ್ನು ನೇರವಾಗಿ ಓಡಿಸುವುದನ್ನು ನೋಡಿದ್ದೇನೆ. ಅಪಘಾತವಾಗಿ ಪೈಪು ಹರಿದ ಕಾರಿನಲ್ಲಿ ಪಂಪು ಓಡುತ್ತಲೇ ಇದ್ದರೆ ಏನಾಗುತ್ತದೆ ಎಂದು ಅವರು ಒಮ್ಮೆ ಊಹಿಸಿಕೊಳ್ಳಬೇಕು. ಯಾರೂ ಹಾಗೆ ಮಾಡಬಾರದು.

ತಂತಿ ಬದಲಾದ ಮೇಲೆ ಪಂಪಿನ ಬಳಿ 13.5 ವೋಲ್ಟ್ ಬಂತು. ಡೈನೊ ಮೇಲೆ ರೈಲಿನ ಒತ್ತಡ 3.7ರಿಂದ 3.95 ಬಾರ್‌ಗೆ ಏರಿತು. ಪಂಪಿನದೆಂದು ನಾವು ತಿಳಿದಿದ್ದ ದೋಷದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತಂತಿಯದಾಗಿತ್ತು. ಉಳಿದ ಪಾಲು ಮಾತ್ರ ಪಂಪಿನದೇ ಆಗಿತ್ತು, ಅದಕ್ಕೆ ಹೊಸ ಪಂಪು ಬೇಕೇ ಬೇಕಿತ್ತು.

ಎಷ್ಟು ದೊಡ್ಡ ಪಂಪು ಬೇಕು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿದೆ. ಟರ್ಬೊ ಪೆಟ್ರೋಲ್ ಎಂಜಿನ್ ಪೂರ್ತಿ ಹೊರೆಯಲ್ಲಿ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ ಎಂದು ಇಟ್ಟುಕೊಂಡರೆ, 230 ಅಶ್ವಶಕ್ತಿಗೆ ಗಂಟೆಗೆ 62 ಕಿಲೋ, ಅಂದರೆ ಸುಮಾರು 83 ಲೀಟರ್. ಆದರೆ ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಬರಿಯ ಪೆಟ್ರೋಲ್ ಅಲ್ಲ. 20 ಪ್ರತಿಶತ ಎಥನಾಲ್ ಬೆರೆತ ಇ20ಯನ್ನು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿಯೇ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾರಂಭದಲ್ಲಿ ಪ್ರಧಾನಮಂತ್ರಿಯವರು ಬಿಡುಗಡೆ ಮಾಡಿದರು. ಅಲ್ಲಿಂದ ಮುಂದೆ ಅದು ದೇಶದ ಸಾಮಾನ್ಯ ಇಂಧನವೇ ಆಗಿಬಿಟ್ಟಿದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಸುಡಲು 14.7 ಕಿಲೋ ಗಾಳಿ ಬೇಕು, ಒಂದು ಕಿಲೋ ಎಥನಾಲಿಗೆ 9 ಕಿಲೋ ಸಾಕು, ಇ20ಗೆ ಸುಮಾರು 13.5 ಕಿಲೋ. ಅದೇ ಗಾಳಿಗೆ ಸುಮಾರು 9 ಪ್ರತಿಶತ ಹೆಚ್ಚು ತೂಕದ ಇಂಧನ ಹರಿಯಬೇಕು ಎಂಬುದು ಇದರ ಅರ್ಥ. 83 ಲೀಟರಿನ ಲೆಕ್ಕ 90 ಲೀಟರ್ ಆಯಿತು. ಬಿಸಿ, ವಯಸ್ಸು, ಫಿಲ್ಟರಿನ ಕೊಳೆ ಇವುಗಳಿಗೆಂದು ಕಾಲುಭಾಗ ಸೇರಿಸಿದರೆ ಗಂಟೆಗೆ ಸುಮಾರು 112 ಲೀಟರ್. ಈ ಹಳೆಯ ಕಾರುಗಳನ್ನು ಇಟ್ಟುಕೊಂಡವರಲ್ಲಿ ಹಲವರು ಇ20 ಬಂದ ಮೇಲೆ ಕಾರು ಬದಲಾಗಿದೆ ಎನ್ನುತ್ತಾರೆ. ಅಂಚಿನಲ್ಲಿದ್ದ ಪಂಪುಗಳ ಮಟ್ಟಿಗೆ ಈ 7 ಲೀಟರಿನ ವ್ಯತ್ಯಾಸವೇ ಅದಕ್ಕೆ ಒಂದು ಕಾರಣವಾಗಿರಬಹುದು ಎಂದು ನಾನು ನಂಬುತ್ತೇನೆ.

112 ಲೀಟರ್ ಎಂಬುದು ಪೆಟ್ಟಿಗೆಯ ಮೇಲೆ ಬರೆದಿರುವ ಅಂಕಿಯಲ್ಲ, 4.1 ಬಾರ್ ಒತ್ತಡದಲ್ಲಿ, 13.5 ವೋಲ್ಟಿನಲ್ಲಿ ನಿಜವಾಗಿ ಹರಿಯಬೇಕಾದ ಪ್ರಮಾಣ. ಒತ್ತಡ ಏರಿದಂತೆ ಎಲ್ಲ ಪಂಪುಗಳ ಹರಿವೂ ಇಳಿಯುತ್ತದೆ. ಬೂಸ್ಟ್ ಬಂದಾಗ, ಪೆಟ್ರೋಲಿನ ಒತ್ತಡ ಹೊಂದಿಸುವ ರೆಗ್ಯುಲೇಟರ್ ರೈಲಿನ ಒತ್ತಡವನ್ನು ಅಷ್ಟೇ ಏರಿಸುತ್ತದೆ, ಏಕೆಂದರೆ ಇಂಜೆಕ್ಟರಿನ ಎರಡು ತುದಿಗಳ ನಡುವೆ ಸದಾ 3 ಬಾರ್ ವ್ಯತ್ಯಾಸ ಉಳಿಯಬೇಕು. ಎಂಜಿನ್ನಿಗೆ ಅತಿ ಹೆಚ್ಚು ಪೆಟ್ರೋಲ್ ಬೇಕಾದ ಹೊತ್ತಿನಲ್ಲಿಯೇ ಪಂಪಿಗೆ ಅತಿ ಹೆಚ್ಚು ಒತ್ತಡವೂ ಎದುರಾಗುತ್ತದೆ. ಕಂಪನಿ ಪಂಪು ಸೋತದ್ದು ಅಲ್ಲಿಯೇ. ವಾಲ್ಬ್ರೊ 255 ಎಂದು ಪ್ರಪಂಚದಾದ್ಯಂತ ಹೆಸರಾದ ಗಾತ್ರದ, ಗಂಟೆಗೆ 255 ಲೀಟರಿನ ಪಂಪು ಈ ಕೆಲಸಕ್ಕೆ ಧಾರಾಳವಾಗಿ ಸಾಕು. 450 ಲೀಟರಿನದನ್ನೇ ಹಾಕಿ ಎಂದು ಸಲಹೆ ಕೊಟ್ಟವರಿದ್ದರು. ಅದು ನನ್ನ ಮಟ್ಟಿಗೆ ತಪ್ಪು. ಬೇಡದ ಪೆಟ್ರೋಲೆಲ್ಲ ರೆಗ್ಯುಲೇಟರಿನಿಂದ ಸಣ್ಣ ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಮರಳಬೇಕು. ಪೈಪು ಅಷ್ಟನ್ನು ಬಿಡದಿದ್ದರೆ ಎಂಜಿನ್ ಐಡಲ್‌ನಲ್ಲಿರುವಾಗ ರೈಲಿನ ಒತ್ತಡ ಏರಿ ಮಿಶ್ರಣ ಕೆಡುತ್ತದೆ. ಮೇಲಾಗಿ ಎಂಜಿನ್ ಬಳಿ ಸುತ್ತಿ ಬಂದ ಪೆಟ್ರೋಲ್ ಟ್ಯಾಂಕನ್ನೂ ಕಾಯಿಸುತ್ತದೆ.

ನಾನು ಮೊದಲು ಕೊಂಡ ಪಂಪು ಮೋಸವಾಯಿತು. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರಿಂದ, ಹೆಸರಾಂತ ಕಂಪನಿಯ ಹೆಸರು ಅಚ್ಚಾಗಿದ್ದ ಪೆಟ್ಟಿಗೆಯಲ್ಲಿ ಬಂತು. ಬೆಲೆ ಸ್ವಲ್ಪ ಕಡಿಮೆ ಎಂಬುದನ್ನು ಬಿಟ್ಟರೆ ಸಂಶಯಕ್ಕೆ ಕಾರಣವಿರಲಿಲ್ಲ. ಅಣ್ಣ ಅದನ್ನು ಕಾರಿಗೆ ಹಾಕಲು ಒಪ್ಪಲಿಲ್ಲ. ಗ್ಯಾರೇಜಿನ ಹೊರಗೆ, ಬಯಲಿನಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ಪಂಪನ್ನು ಪೆಟ್ರೋಲ್ ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ, ಮುಂದೆ ಒಂದು ರೆಗ್ಯುಲೇಟರ್ ಮತ್ತು ಗೇಜ್ ಜೋಡಿಸಿ, 4 ಬಾರ್‌ಗೆ ಹೊಂದಿಸಿ, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಬರುತ್ತದೆ ಎಂದು ಅಳೆದೆವು. ಮುಕ್ಕಾಲು ಲೀಟರಿನಷ್ಟೂ ಬರಲಿಲ್ಲ. ಗಂಟೆಗೆ 90 ಲೀಟರ್ ಕೂಡ ಇಲ್ಲ ಎಂದಾಯಿತು. ಹಣ ಮರಳಿ ಕೇಳಿದಾಗ, ಪೆಟ್ರೋಲ್ ಮುಟ್ಟಿದ ಸಾಮಾನನ್ನು ವಾಪಸು ಪಡೆಯುವುದಿಲ್ಲ ಎಂಬ ಉತ್ತರ ಬಂತು. ಈ ಪಂಪಿನ ನಕಲುಗಳು ಪ್ರಪಂಚದ ಎಲ್ಲ ಕಡೆ ಹರಡಿವೆ ಎಂಬುದು ನನಗೆ ಆಮೇಲೆ ತಿಳಿಯಿತು. ಅಳೆಯದೆ ಹಾಕಿದ್ದರೆ, ಹೊಸ ಪಂಪಿದೆ ಎಂಬ ಧೈರ್ಯದಲ್ಲಿ ನಾನು ಬೂಸ್ಟ್ ಏರಿಸಿ ಎಂಜಿನ್ ಕಳೆದುಕೊಳ್ಳುತ್ತಿದ್ದೆ. ಇದನ್ನು ನೆನೆದರೆ ಇಂದಿಗೂ ಸಿಟ್ಟು ಬರುತ್ತದೆ. ಎರಡನೆಯದನ್ನು ಅಧಿಕೃತ ಆಮದುದಾರರಿಂದಲೇ ತರಿಸಿದೆ. ಅದೇ ಪರೀಕ್ಷೆಯಲ್ಲಿ ಅದು ಅರ್ಧ ನಿಮಿಷಕ್ಕೆ 1.8 ಲೀಟರ್ ಕೊಟ್ಟಿತು, ಅಂದರೆ ಗಂಟೆಗೆ 216 ಲೀಟರ್.

ಅಳವಡಿಸುವ ಕೆಲಸಕ್ಕೆ ಒಂದು ಪೂರ್ತಿ ದಿನ ಹಿಡಿಯಿತು. 55 ಲೀಟರಿನ ಟ್ಯಾಂಕಿನಲ್ಲಿ ಏಳೆಂಟು ಲೀಟರ್ ಉಳಿಯುವವರೆಗೆ ಓಡಿಸಿ ಬಂದಿದ್ದೆ. ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಪೈಪಿನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಬೇಕು. ಹಿಂದಿನ ಸೀಟಿನ ಕೂರುವ ಭಾಗ ಎತ್ತಿದರೆ ಬಲಗಡೆ ಮೂರು ಸ್ಕ್ರೂಗಳ ಒಂದು ತಗಡಿನ ಮುಚ್ಚಳ, ಅದರ ಕೆಳಗೆ ಪಂಪಿನ ತಲೆ, ಅದನ್ನು ಹಿಡಿದಿರುವ ದೊಡ್ಡ ಪ್ಲಾಸ್ಟಿಕ್ ಬಳೆ. ಆ ಬಳೆಯನ್ನು ಉಳಿ ಸುತ್ತಿಗೆಯಿಂದ ಬಡಿದು ತಿರುಗಿಸುವ ರೂಢಿ ಎಲ್ಲ ಕಡೆ ಇದೆ. ತೆರೆದ ಪೆಟ್ರೋಲ್ ಟ್ಯಾಂಕಿನ ಬಾಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಕಿಸುವುದು ಹುಚ್ಚುತನ. ನಾವು ಮರದ ತುಂಡು ಬಳಸಿದೆವು.

ಪೆಟ್ರೋಲಿನೊಳಗೆ ಕರೆಂಟಿನ ಮೋಟಾರು ಮುಳುಗಿದ್ದರೂ ಬೆಂಕಿ ಹತ್ತುವುದಿಲ್ಲವೇ ಎಂದು ಹೆಂಡತಿ ಕೇಳಿದಳು. ಪಂಪಿನ ಒಳಗೆ ಗಾಳಿಯೇ ಇರುವುದಿಲ್ಲ, ಮುಚ್ಚಿದ ಟ್ಯಾಂಕಿನ ಮೇಲ್ಭಾಗದಲ್ಲಿ ಪೆಟ್ರೋಲಿನ ಆವಿ ಎಷ್ಟು ದಟ್ಟವಾಗಿರುತ್ತದೆ ಎಂದರೆ ಅದು ಸುಡಲಾರದು. ಅಪಾಯವಿರುವುದು ಟ್ಯಾಂಕ್ ತೆರೆದಾಗ, ಆ ಆವಿ ಹೊರಗಿನ ಗಾಳಿಯೊಂದಿಗೆ ಬೆರೆತಾಗ.

ಈ ದಿನದ ಅತ್ಯಂತ ಮುಖ್ಯವಾದ ವಸ್ತು ಪಂಪಲ್ಲ, ಬೆರಳುದ್ದದ ಒಂದು ಹೋಸ್. ಪಂಪಿನಿಂದ ಮುಚ್ಚಳದವರೆಗೆ ಟ್ಯಾಂಕಿನ ಒಳಗೇ ಇರುವ ಈ ಹೋಸ್, ಒಳಗೂ ಹೊರಗೂ ಸದಾ ಪೆಟ್ರೋಲಿನಲ್ಲಿ ನೆನೆದಿರುತ್ತದೆ. ಸಾಮಾನ್ಯ ಪೆಟ್ರೋಲ್ ಹೋಸಿನ ಒಳಪದರ ಮಾತ್ರ ಪೆಟ್ರೋಲನ್ನು ತಡೆದುಕೊಳ್ಳುತ್ತದೆ. ಹೊರಪದರ ಊದಿಕೊಂಡು, ಮೆತ್ತಗಾಗಿ, ಕ್ಲಿಪ್ಪಿನ ಬಳಿ ಹರಿಯುತ್ತದೆ. ಆಗ ಪಂಪು ಸರಿಯಿದ್ದರೂ ಒತ್ತಡ ಟ್ಯಾಂಕಿನೊಳಗೇ ಸೋರಿಹೋಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಇದಕ್ಕೆ ಎಸ್‌ಎಇ ಜೆ30 ಆರ್10 ಎಂದು ಹೋಸಿನ ಮೇಲೆಯೇ ಅಚ್ಚಾಗಿರುವ ಬಗೆ ಬೇಕು. ಜೆ.ಸಿ. ರಸ್ತೆಯಲ್ಲಿ ನಾಲ್ಕೈದು ಅಂಗಡಿ ಹತ್ತಿಳಿದರೂ ಅದು ಸಿಗಲಿಲ್ಲ, "ಇದೂ ಪೆಟ್ರೋಲ್ ಹೋಸೇ, ಏನೂ ಆಗಲ್ಲ ಸರ್" ಎಂಬ ಭರವಸೆ ಮಾತ್ರ ಎಲ್ಲ ಕಡೆ ಸಿಕ್ಕಿತು. ಕೊನೆಗೆ ಪಂಪಿನ ಆಮದುದಾರರ ಬಳಿಯೇ ಹೇಳಿ ತರಿಸಿದೆ. ಒಂದು ಅಡಿಗೆ ಕೊಟ್ಟ ಬೆಲೆ ಕೇಳಿದರೆ ಅಂಗಡಿಯವರು ನಗುತ್ತಿದ್ದರು.

ಪಂಪನ್ನು ಮರಳಿ ಇಳಿಸುವಾಗ ಪೆಟ್ರೋಲ್ ಮಟ್ಟ ಅಳೆಯುವ ತೇಲುಗುಂಡು ಮಡಚದಂತೆ ನೋಡಿಕೊಂಡು, ಮುಚ್ಚಳದ ಬಾಣದ ಗುರುತನ್ನು ಟ್ಯಾಂಕಿನ ಗುರುತಿಗೆ ಸೇರಿಸಿ, ರಬ್ಬರಿನ ಸೀಲ್ ಹೊಸದು ಹಾಕಿ, ಬಳೆಯನ್ನು ಬಿಗಿದೆವು. ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಅನ್ನು ಐದಾರು ಸಲ ಆನ್ ಮಾಡಿ, ಪ್ರತಿ ಜೋಡಣೆಯನ್ನೂ ಟಾರ್ಚ್ ಬಿಟ್ಟು ನೋಡಿ, ಬೆರಳಿನಿಂದ ಮುಟ್ಟಿ, ಒದ್ದೆಯಿಲ್ಲ ಎಂದು ಖಚಿತವಾದ ಮೇಲೆ ಎಂಜಿನ್ ಎಬ್ಬಿಸಿದೆವು. ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಳಚಿ ನೋಡಿದಾಗ ಐಡಲ್‌ನಲ್ಲಿ 3 ಬಾರ್ ಇರಬೇಕಾದ ಕಡೆ 3.1 ಬಾರ್ ಬಂತು. 3.5 ಬಂದಿದ್ದರೆ ರಿಟರ್ನ್ ಪೈಪಿಗೆ ಈ ಪಂಪು ದೊಡ್ಡದಾಯಿತು ಎಂದು ತಿಳಿಯಬೇಕಿತ್ತು. ಆ 0.1 ಬಾರ್ ವ್ಯತ್ಯಾಸವನ್ನು ಮ್ಯಾಪ್‌ನಲ್ಲಿ ಸರಿಪಡಿಸಿದೆವು. ಡೈನೊ ಮೇಲೆ ಪೂರ್ತಿ ಹೊರೆಯಲ್ಲಿ 4.1 ಬಾರ್ ಗೆರೆ ಎಳೆದ ಹಾಗೆ ನಿಂತಿತು.

ಜೂನ್‌ನಲ್ಲಿ ಮತ್ತೆ ಇರುಂಗಾಟ್ಟುಕೋಟ್ಟೈಗೆ ಹೋದೆ. ಸೆಕೆ ಫೆಬ್ರುವರಿಗಿಂತ ಬಹಳ ಹೆಚ್ಚಿತ್ತು, ಪರೀಕ್ಷೆಗೆ ಅದೇ ಒಳ್ಳೆಯದಾಯಿತು. ಹದಿನೈದು ನಿಮಿಷಗಳ ಮೂರು ಸರದಿಗಳಲ್ಲಿ ಲ್ಯಾಂಬ್ಡಾ 0.80 ಮತ್ತು 0.81ರ ನಡುವೆಯೇ ಇತ್ತು. ಮೂರನೆಯ ಸರದಿಯ ಕೊನೆಗೆ ಟ್ಯಾಂಕ್ ಕಾಲುಭಾಗಕ್ಕೆ ಇಳಿದಾಗ ಮಾತ್ರ ಉದ್ದನೆಯ ತಿರುವಿನಲ್ಲಿ ರೈಲಿನ ಒತ್ತಡ ಒಂದು ಕ್ಷಣ ನಡುಗಿತು, ಪೆಟ್ರೋಲ್ ಒಂದು ಬದಿಗೆ ಸರಿದು ಪಂಪಿನ ಬಾಯಿ ಬರಿದಾದುದರಿಂದ. ಈಗ ಅರ್ಧ ಟ್ಯಾಂಕಿಗಿಂತ ಕಡಿಮೆಯಾದರೆ ಪಿಟ್‌ಗೆ ಬರುತ್ತೇನೆ. ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಮೊದಲಿಲ್ಲದ ಒಂದು ಸಣ್ಣ ಗುಂಯ್ ಶಬ್ದ ಕೇಳಿಸುತ್ತದೆ.

ಹೋಸ್ ಹಾಕಿದ ದಿನ, ಉಳಿದ ಆರ್10 ಹೋಸಿನ ಒಂದು ತುಂಡನ್ನೂ ಜೆ.ಸಿ. ರಸ್ತೆಯಲ್ಲಿ ಕೊಟ್ಟ ಸಾಮಾನ್ಯ ಹೋಸಿನ ಒಂದು ತುಂಡನ್ನೂ ಅಣ್ಣ ಮುಚ್ಚಳವಿರುವ ಕಬ್ಬಿಣದ ಡಬ್ಬಿಯಲ್ಲಿ ಬಂಕಿನ ಇ20 ಸುರಿದು ಮುಳುಗಿಸಿ, ಗ್ಯಾರೇಜಿನ ಹಿಂಭಾಗದ ಶೆಡ್ಡಿನಲ್ಲಿ ಇಟ್ಟಿದ್ದರು. ಆರು ತಿಂಗಳ ನಂತರ ತೆರೆದೆವು. ಆರ್10 ತುಂಡು ಹಾಕಿದ ಹಾಗೆಯೇ ಗಟ್ಟಿಯಾಗಿತ್ತು. ಇನ್ನೊಂದು ತುಂಡು ಊದಿಕೊಂಡಿತ್ತು, ಅದರ ಹೊರಪದರವನ್ನು ಉಗುರಿನಿಂದ ಕೆರೆದರೆ ಸಾಕು, ಕಪ್ಪು ಮೇಣದ ಹಾಗೆ ಸುಲಿದು ಬರುತ್ತಿತ್ತು. ಆ ಎರಡು ತುಂಡುಗಳನ್ನು ಅಣ್ಣ ಈಗ ಗ್ಯಾರೇಜಿನ ಗೋಡೆಗೆ ಒಂದೇ ಮೊಳೆಯಲ್ಲಿ ತೂಗುಹಾಕಿದ್ದಾರೆ. ಪಂಪು ಬದಲಾಯಿಸಿ ಎಂದು ಬರುವವರಿಗೆ ಮೊದಲು ಅವನ್ನು ಕೈಗೆ ಕೊಡುತ್ತಾರೆ, ಆಮೇಲೆ ಮಲ್ಟಿಮೀಟರ್ ತೆಗೆಯುತ್ತಾರೆ.